ಬಹೋರ್ ಚಿತ್ರಮಂದಿರದ ಒಂಟಿ ದನಿ

ಇನ್ನೂ ಬೆಳಕು ಹರಿದಿಲ್ಲ. ತಾಷ್ಕೆಂಟಿನ ಅಂಚಿನ ನಮ್ಮ ಚಿನೋರ್‌ಬಾಗ್ ಮೊಹಲ್ಲಾದ ಬೀದಿ ಗುಡಿಸುವ, ನಾವೆಲ್ಲ ಒಪಾ ಎಂದರೆ ಅಕ್ಕ ಎಂದು ಕರೆಯುವ ಇನೊಬತ್ ಒಪಾ, ಪೊರಕೆಯನ್ನು ಕಾಲುವೆಯ ದಂಡೆಗೆ ಒರಗಿಸಿ ಸುಣ್ಣದ ಬಕೆಟ್ ಎತ್ತಿಕೊಳ್ಳುತ್ತಾರೆ. ಬಹೋರ್ ಬಯಲು ಚಿತ್ರಮಂದಿರದ ಪರದೆಗೋಡೆಯ ಮೇಲೆ ನಗರಾಡಳಿತದವರು ನಿನ್ನೆ ಮತ್ತೆ ಕೆಂಪು ಗುರುತು ಬಳಿದು ಹೋಗಿದ್ದಾರೆ. ಕೆಡವಬೇಕಾದ ಗೋಡೆ ಎಂದರ್ಥ. ಎಪ್ಪತ್ತು ದಾಟಿದ ಒಪಾ ಏಣಿ ಹತ್ತಿ ಅದರ ಮೇಲೆ ಸುಣ್ಣ ಹೊಡೆಯುತ್ತಾರೆ. ವಸಂತದಿಂದ ಇದೇ ನಡೆದಿದೆ.

"ಗೋಡೆ ಉಳಿಯುತ್ತೆ ಅಂತ ಬಳೀತಿಲ್ಲ ತಮ್ಮಾ," ಎನ್ನುತ್ತಾರೆ. "ಶನಿವಾರ ಸಂಜೆ ಒಂದೇ ಒಂದು ಆಟ ಆಡಿಸ್ಕೋತೀವಿ ಅಂತ ಕೇಳ್ಕೊಂಡಿದೀವಿ. ಹೂಂ ಅಂದಿದಾರೆ, ಬಾಯ್ಮಾತಲ್ಲಿ. ಅಲ್ಲೀವರೆಗೆ ಪರದೆ ಬೆಳ್ಳಗಿರ್ಬೇಕಲ್ಲ. ನಾಯಕಿ ಮೂಗಿನ ಮೇಲೆ ಕೆಂಪು ಗೀಟು ಬಂದ್ರೆ ಯಾರು ಅಳ್ತಾರೆ?"

ಈ ಗೋಡೆಗೆ ಸುಣ್ಣ ಹೊಡೆಯುವುದು ಹಿಂದೆ ಒಬ್ಬರ ಕೆಲಸವಾಗಿರಲಿಲ್ಲ. ಪ್ರತಿ ವಸಂತದಲ್ಲೂ ಹಶರ್ ಸೇರುತ್ತಿತ್ತು. ಮನೆಗೊಬ್ಬರಂತೆ ಬಂದು ಕೂಲಿಯಿಲ್ಲದೆ ಗೋಡೆ ಬೆಳಗುತ್ತಿದ್ದರು, ಅಷ್ಟರಲ್ಲಿ ಕಡಾಯಿಯಲ್ಲಿ ಪಲೋವ್ ಬೇಯುತ್ತಿತ್ತು. ಮಾರನೆಯ ದಿನದಿಂದ ಬೇಸಿಗೆ ಶುರು ಎಂದೇ ನಮ್ಮ ಲೆಕ್ಕ. ಚಿತ್ರ ಕಾಣಬೇಕಾದರೆ ಕತ್ತಲಾಗಬೇಕು. ಆ ಕಾಯುವಿಕೆಯೇ ಅರ್ಧ ಸುಖ. ಮನೆಯ ಕೌದಿ ಹಾಸಿ, ಕರಬೂಜ ಹೆಚ್ಚಿ, ಗುರುತಿಲ್ಲದವರಿಗೂ ಒಂದು ಹೋಳು ದಾಟಿಸಿ, ಸೂರ್ಯಕಾಂತಿ ಬೀಜ ಕಡಿಯುತ್ತ ಕೂರುತ್ತಿದ್ದೆವು. ಟಿಕೆಟ್ಟಿಲ್ಲದವರು ಹಿಪ್ಪುನೇರಳೆ ಮರದ ಮೇಲೆ. ಹಿಂದಿ ಚಿತ್ರ ಬಂದ ವಾರ ಹೆಂಗಸರು ಕರವಸ್ತ್ರ ಸಾಲದೆಂದು ಮಗುವಿನ ಟವೆಲನ್ನೂ ತರುತ್ತಿದ್ದರು.

ಆ ಚಿತ್ರಗಳು ರಷ್ಯನ್ ಮಾತು ಹೊತ್ತು ಬರುತ್ತಿದ್ದವು. ನಮ್ಮ ಅಜ್ಜಿಯರಿಗೆ ಉಜ್ಬೆಕ್ ಬಿಟ್ಟರೆ ಬೇರೆ ಭಾಷೆ ಬಾರದು. ಬೀಜದ ಸಿಪ್ಪೆ ಗುಡಿಸಲು ಸೇರಿದ್ದ ಇನೊಬತ್, ಅದಕ್ಕೂ ಮುಂಚೆ ರೈಲ್ವೆ ಕಾಲೊನಿಯ ಮನೆಗಳಲ್ಲಿ ಪಾತ್ರೆ ತಿಕ್ಕುತ್ತ ರಷ್ಯನ್ ಕಲಿತಿದ್ದವರು.

"ಅವನೇನಂದ, ಇವಳೇನಂದ್ಳು ಅಂತ ಅಜ್ಜಿಯರು ನನ್ನ ತೋಳು ಜಗ್ಗೋರು. ಕಿವೀಲಿ ಹೇಳ್ತಾ ಹೇಳ್ತಾ ಗಂಟಲು ದೊಡ್ಡದಾಯ್ತು. ಬೈಯೋಕೆ ಬಂದ ಮ್ಯಾನೇಜರು ಮೈಕು ಕೊಟ್ಟು ಹೋದ್ರು."

ನಾಯಕ, ಖಳ, ಹೆತ್ತವಳು, ಪೊಲೀಸು, ಎಲ್ಲರಿಗೂ ಅವರದೊಂದೇ ದನಿ. ಸಂಬಳ ಮಾತ್ರ ಕೊನೆಯವರೆಗೂ ಗುಡಿಸುವವಳದು. ಬಾಗಿಲ ಮೇಲಿನ ಪೋಸ್ಟರಿನಲ್ಲಿ ಅವರ ಹೆಸರನ್ನು ಯಾರೂ ಬರೆಯಲಿಲ್ಲ.

ಬಹೋರ್ ಮುಚ್ಚಿದ್ದು ಜನ ಬಾರದೆ ಅಲ್ಲ. ಬೀಗ ಜಡಿದರು, ಆವರಣವನ್ನು ಈರುಳ್ಳಿ ದಾಸ್ತಾನಿಗೆ ಕೊಟ್ಟರು, ಈಗ ಪಾಳುಬಿದ್ದಿದೆ ಎನ್ನುತ್ತಾರೆ. ಪಾಳು ಮಾಡಿದವರು ಯಾರು? ಇಲ್ಲಿ ಬಹುಮಹಡಿ ಕಟ್ಟಡ ಏಳುತ್ತದಂತೆ. ಅದರ ನಕ್ಷೆಯಲ್ಲಿ ಕಾರುಗಳಿಗೆ ಜಾಗವಿದೆ, ಒಂದು ಬೀದಿಯ ಜನ ಒಟ್ಟಿಗೆ ಕೂರುವುದಕ್ಕೆ ಇಲ್ಲ. ಒಬ್ಬರ ಅಳು ಇನ್ನೊಬ್ಬರಿಗೆ ಕೇಳಿಸುವಂಥ ಜಾಗ ಆಳುವವರಿಗೆ ಯಾವತ್ತೂ ಹಿಡಿಸಿಲ್ಲ.

ಬಿಸಿಲು ಮೂಡುವ ಹೊತ್ತಿಗೆ ಪಕ್ಕದ ಬೀದಿಯಲ್ಲಿ ತಂದೂರು ಇಟ್ಟುಕೊಂಡಿರುವ ತುರ್ಗುನ್ ಅಕಾ, ಅಂದರೆ ತುರ್ಗುನ್ ಅಣ್ಣ, ಬಿಸಿ ರೊಟ್ಟಿ, ಚಹಾ ಹಿಡಿದು ಬರುತ್ತಾರೆ. ಶನಿವಾರದ ಆಟಕ್ಕೆ ಅತ್ತೆ-ಸೊಸೆಯ ಹಳೆಯ ಹಿಂದಿ ಚಿತ್ರವೊಂದನ್ನು ಹುಡುಕಿ ತಂದವಳು ಅವರ ಮಗಳು. ಕೊನೆಯಲ್ಲಿ ಅತ್ತೆ ಬಾಗಿಲಲ್ಲಿ ನಿಂತು ಸೊಸೆಗೆ ಒಂದು ಮಾತು ಹೇಳುತ್ತಾಳೆ. ಚಿತ್ರ ಅಲ್ಲಿಗೆ ಮುಗಿಯುತ್ತದೆ.

"ಟೀವೀಲಿ ಇದನ್ನ ಕೆಡಿಸಿ ಹಾಕಿದ್ರು ಒಪಾ," ಎಂದು ತುರ್ಗುನ್ ಶುರು ಮಾಡುತ್ತಾರೆ. "ನಮ್ಮ ಬಹೋರಲ್ಲಿ ಆ ಅತ್ತೆ 'ಒಳಗೆ ಬಾ ಮಗಳೇ' ಅಂತಿದ್ಲು. ಟೀವೀಲಿ 'ಹೋಗಾಚೆ' ಅಂತಾಳೆ. ಫೋನ್ ಮಾಡಿ ಉಗಿದೆ."

"ಉಗಿದಿರ್ತೀಯ. ನಿನ್ನ ಬಾಯಿಗೂ ತಂದೂರಿಗೂ ಮುಚ್ಚಳ ಯಾವತ್ತಿತ್ತು."

ತುರ್ಗುನ್ ನಗುತ್ತ ರೊಟ್ಟಿ ಸುಡಲು ಹೋಗುತ್ತಾರೆ. ಅವರು ಮರೆಯಾದ ಮೇಲೆ ಒಪಾ ನನ್ನತ್ತ ಬಾಗಿ ದನಿ ತಗ್ಗಿಸುತ್ತಾರೆ.

"ಟೀವಿಯವರದ್ದು ತಪ್ಪಿಲ್ಲ. ಚಿತ್ರದಲ್ಲಿರೋದು 'ಹೋಗಾಚೆ' ಅಂತಾನೇ. ಮೊದಲ್ನೇ ದಿನ ಮೈಕು ಹಿಡ್ಕೊಂಡು ಮುಂದೆ ನೋಡ್ತೀನಿ, ಇವನ ತಾಯಿ ಕೂತಿದ್ಲು. ಸೊಸೇನ, ಇವನ ಹೆಂಡ್ತೀನ, ತವರಿಗೆ ಅಟ್ಟಿ ವಾರ ಆಗಿತ್ತು. ನನ್ನ ಬಾಯಿಗೆ ಆ ಮಾತು ಬರಲಿಲ್ಲ, ಬೇರೆ ಬಂತು. ಆಮೇಲೆ ಬದಲಾಯಿಸೋ ಹಾಗಿರಲಿಲ್ಲ. ಮುದುಕಿ ಮೂರು ಸಲ ಬಂದು ನೋಡಿದ್ಲು. ನಾಲ್ಕನೇ ಸಲ ಸೊಸೇನ ಪಕ್ಕದಲ್ಲಿ ಕೂರಿಸ್ಕೊಂಡಿದ್ಲು."

ಶನಿವಾರವಾದರೂ ಚಿತ್ರದಲ್ಲಿರುವ ಮಾತನ್ನೇ ಹೇಳುತ್ತೀರಾ ಎಂದು ಕೇಳುತ್ತೇನೆ. ಒಪಾ ರೊಟ್ಟಿ ಮುರಿದು ಅರ್ಧ ನನಗೆ ಕೊಡುತ್ತಾರೆ.

"ಆ ಸೊಸೆ ಈಗ ಮೊಮ್ಮಕ್ಕಳನ್ನ ಕಟ್ಕೊಂಡು ಬರ್ತಾಳೆ. ಗೋಡೆ ಅವರದು, ಭಾನುವಾರ ಬಂದು ಕೆಡವ್ಕೊಳ್ಳಲಿ. ಮಾತು ನನ್ನದು. ಅವಳಿಗೆ ನಾನು ಹೋಗು ಅನ್ನಲ್ಲ."