ಮಲಾಡಿನ ಕಲ್ಲುಗಣಿಯ ಮೌಶಿ

ಮೌಶಿಯ ನಡುನೆತ್ತಿಯಲ್ಲಿ ಅಂಗೈಯಗಲ ಕೂದಲಿರಲಿಲ್ಲ. ಸುತ್ತಲೂ ದಟ್ಟ ಕಪ್ಪು ಕೂದಲು, ನಡುವೆ ಮಾತ್ರ ಸವೆದು ನುಣ್ಣಗಾದ ಚರ್ಮ. ಸಣ್ಣ ಹುಡುಗಿಯಾಗಿದ್ದಾಗಿನಿಂದ ಸಿಂಬಿ ಇಟ್ಟು ಕಲ್ಲು ಹೊತ್ತ ತಲೆ ಅದು. ನಾಲ್ಕು ಜನರ ಮುಂದೆ ಅವಳು ತಲೆಯ ಮೇಲಿನ ಸೆರಗು ಜಾರಗೊಟ್ಟವಳಲ್ಲ. ನಾನು ಕಂಡದ್ದು ನಮ್ಮ ಚಾಳಿನ ನಲ್ಲಿಯಲ್ಲಿ ಅವಳು ತಲೆ ತೊಳೆಯುತ್ತಿದ್ದಾಗ.

ಐವತ್ತರ ದಶಕದಲ್ಲಿ ಮಲಾಡ್ ಸ್ಟೇಷನ್ನಿನಿಂದ ಪೂರ್ವಕ್ಕೆ ನಡೆದರೆ ಗುಡ್ಡದ ಹೊಟ್ಟೆ ಬಗೆದ ಕಲ್ಲುಗಣಿಗಳು ಸಿಗುತ್ತಿದ್ದವು. ಅಲ್ಲಿ ದುಡಿಯುವವರಲ್ಲಿ ಬಹಳ ಮಂದಿ ವಿಜಾಪುರದ ಕಡೆಯವರು. ಧಾರವಾಡದಿಂದ ಬಂದ ನಾನು ಅವರ ಮಕ್ಕಳಿಗೆ ಕನ್ನಡ ಶಾಲೆಯಲ್ಲಿ ಪಾಠ ಹೇಳುವ ಬಾಯಾರು. ಅವಳು ಕನ್ನಡದವರಿಗೂ ಮರಾಠಿಯವರಿಗೂ ಮೌಶಿ, ಎಲ್ಲರ ಚಿಕ್ಕಮ್ಮ. ಗಣಿಯ ಗುತ್ತಿಗೆದಾರನ ಮೋಟಾರು ಹಾದಾಗೆಲ್ಲ ಬಾಯೊಳಗಿನ ತಂಬಾಕು ಉಗುಳುತ್ತಿದ್ದಳು. ಬೇರೆ ಯಾರ ಮುಂದೂ ಉಗುಳಿದ್ದನ್ನು ನಾನು ಕಾಣೆ.

ಗಣಿಯಲ್ಲಿ ಕೆಲಸಕ್ಕೆ ಹಿಡಿಯುತ್ತಿದ್ದುದು ಜೋಡಿಯನ್ನು. ಗಂಡ ಕಲ್ಲು ಒಡೆಯಬೇಕು, ಹೆಂಡತಿ ಹೊತ್ತು ಲಾರಿಗೆ ತುಂಬಬೇಕು. ಶನಿವಾರ ಆಳುಗಳ ಮೇಲ್ವಿಚಾರಕ ಮುಕಾದಮ ಕೂಗುತ್ತಿದ್ದುದು ಮಾತ್ರ ಗಂಡನ ಹೆಸರು, ಪಗಾರ ಬೀಳುತ್ತಿದ್ದುದೂ ಗಂಡನ ಕೈಗೆ. ದಿನವಿಡೀ ಹೊತ್ತವಳು ಕೂಸು ಕಟ್ಟಿಕೊಂಡು ಹಿಂದೆ ಕೂತಿರಬೇಕು. ಎತ್ತಿಗಾದರೂ ಒಂದೊಂದಕ್ಕೆ ಒಂದೊಂದು ಹೆಸರಿಟ್ಟು ಕೂಗುತ್ತಾರಲ್ಲ! ಈ ನಾಚಿಕೆಗೇಡಿಗೆ ಅಲ್ಲಿ ಪದ್ಧತಿ ಎನ್ನುತ್ತಿದ್ದರು.

ಮೌಶಿ ಕೇಳಿದ್ದು ಇಷ್ಟೇ: "ನಮ್ಮ ಹೆಸರೂ ಕೂಗ್ರಿ, ನಮ್ಮ ಪಗಾರ ನಮ್ಮ ಕೈಯಾಗ ಕೊಡ್ರಿ." ಮುಕಾದಮ ನಕ್ಕ. ಅವಳ ಗಂಡನೇ ಬೈದ. ಹಿಂಜರಿಯುವ ಹೆಂಗಸರಿಗೆ ಅವಳು ಹೇಳುತ್ತಿದ್ದಳು, "ಕೂಸು ಅಳಲಿಲ್ಲಂದ್ರ ಹಡದವ್ವನೂ ಹಾಲು ಕೊಡೂದಿಲ್ಲ. ಇಂವ ಗುತ್ತೇದಾರ ಕೊಡ್ತಾನೇನ?"

ಒಂದು ಮಧ್ಯಾಹ್ನ ಎಚ್ಚರಿಕೆಯ ಸೀಟಿ ಊದದೆಯೇ ಸಿಡಿಮದ್ದು ಹಾರಿಸಿದರು. ಕಲ್ಲು ಹೊತ್ತು ಬರುತ್ತಿದ್ದ ಒಬ್ಬ ಎಳೆ ಬಾಣಂತಿ ಅಲ್ಲೇ ಸತ್ತಳು. ವಿಚಾರಣೆಗೆ ಸರಕಾರಿ ಸಾಹೇಬರು ಬಂದಾಗ ಗುತ್ತಿಗೆದಾರ ಕೈಮುಗಿದು, "ವೋ ತೋ ರೋಟಿ ದೇನೆ ಆಯೀ ಥೀ, ಸಾಬ್" ಎಂದ. ಗಂಡನಿಗೆ ರೊಟ್ಟಿ ಕೊಡಲು ಬಂದವಳಂತೆ, ಕೆಲಸದವಳೇ ಅಲ್ಲವಂತೆ! ಕೆಲಸದವಳಲ್ಲವೆಂದರೆ ಅವಳ ಕೂಸಿಗೆ ಪರಿಹಾರವೂ ಇಲ್ಲ. ಅನ್ನಕ್ಕೆ ಕಲ್ಲು ಬಿದ್ದೀತೆಂಬ ಅಂಜಿಕೆಯಿಂದ ಸತ್ತವಳ ಗಂಡ ನೆಲ ನೋಡುತ್ತ ನಿಂತಿದ್ದ.

ಸಾಹೇಬರಿಗೆ ಕನ್ನಡ ಬಾರದೆಂದು ಮೌಶಿ ನನ್ನನ್ನು ಶಾಲೆಯಿಂದ ಎಳೆದುಕೊಂಡು ಬಂದಿದ್ದಳು. ಗಂಡಸರೆಲ್ಲ ನೋಡುತ್ತಿರುವಂತೆಯೇ ಸೆರಗು ತೆಗೆದು ಸಾಹೇಬರ ಮುಂದೆ ತಲೆ ಬಗ್ಗಿಸಿದಳು.

"ನೋಡ್ರಿ ಸಾಹೇಬ್ರ. ರೊಟ್ಟಿ ಗಂಟು ಹೊತ್ರ ಹಿಂಗ ತಲಿ ಸವೀತೈತೇನ್ರಿ? ಸತ್ತಾಕಿ ತಲೀನೂ ಹಿಂಗ ಐತಿ. ಹೋಗಿ ನೋಡ್ರಿ."

ನಾನು ಅದನ್ನು ಹಿಂದಿಗೆ ತಿರುಗಿಸುತ್ತಿದ್ದಂತೆ ಹಿಂದಿದ್ದ ಹೆಂಗಸರೂ ಒಬ್ಬೊಬ್ಬರೇ ಸೆರಗು ಇಳಿಸಿದರು. "ಬಸ್, ಬಸ್, ಸಮಝ್ ಗಯಾ," ಸಾಕು, ತಿಳಿಯಿತು ಎಂದು ಸಾಹೇಬರು ಮುಖ ತಿರುಗಿಸಿಕೊಂಡರು.

ಕೂಸಿಗೆ ಪರಿಹಾರ ಸಿಕ್ಕಿತು. ಕೆಲವು ತಿಂಗಳಲ್ಲಿ ಶನಿವಾರ ಹೆಂಗಸರ ಹೆಸರನ್ನೂ ಕೂಗತೊಡಗಿದರು. ಮೌಶಿಯ ಹೆಸರನ್ನು ಮಾತ್ರ ಕೂಗಲಿಲ್ಲ. ವಿಚಾರಣೆಯ ಮರುದಿನವೇ ಅವಳನ್ನು ಗಣಿಯಿಂದ ಹೊರಗೆ ಹಾಕಿದ್ದರು, ಸುತ್ತಲಿನ ಗಣಿಯವರೂ ಬಾಗಿಲು ಮುಚ್ಚಿದ್ದರು. "ನಿನ್ನ ಬಾಯಿಂದ ನಾ ಕೆಟ್ಟೆ" ಎಂದು ಗಂಡ ಊರಿಗೆ ಹೋದ. ಅವಳು ಚಾಳಿನ ಮನೆಗಳಲ್ಲಿ ಪಾತ್ರೆ ತಿಕ್ಕಿ ಬದುಕಿದಳು. ಶನಿವಾರ ಮಾತ್ರ ತಪ್ಪದೆ ಗಣಿಯ ಗೇಟಿನ ಹೊರಗೆ ನಿಂತು, ಒಳಗೆ ಕೂಗುವ ಹೆಸರುಗಳನ್ನು ಕೇಳುತ್ತಿದ್ದಳು.

"ಹೊಟ್ಟಿ ಉರಿಯೂದಿಲ್ಲೇನ ಮೌಶಿ?" ಎಂದು ಒಮ್ಮೆ ಕೇಳಿದೆ.

"ಉರೀತೈತ್ರಿ ಬಾಯಾರ. ಯಾಕ ಉರೀಬಾರ್ದು? ನಂದೂ ಕೂಗಬೇಕಿತ್ತು."

ಕಲ್ಲಿನ ಧೂಳು ಅವಳ ಎದೆಯನ್ನು ಆಗಲೇ ತಿಂದಿತ್ತು. ಅವಳನ್ನು ಸೇರಿಸಿದ್ದ ಪರೇಲಿನ ಆಸ್ಪತ್ರೆಗೆ ನಾನು ಪ್ರತಿ ಭಾನುವಾರ ಲೋಕಲ್ ರೈಲು ಹಿಡಿದು ಹೋಗುತ್ತಿದ್ದೆ. ಕೊನೆಕೊನೆಗೆ ಉಸಿರಿಗೇ ಅವಳ ಶಕ್ತಿಯೆಲ್ಲ ಹೋಗುತ್ತಿತ್ತು, ಮಾತಿಗೆ ಉಳಿಯುತ್ತಿರಲಿಲ್ಲ. ಹಾಗೆಯೇ ಹೋದಳು.

ಮುಂದಿನ ಶನಿವಾರ ಗಣಿಯ ಹೆಂಗಸರು ಒಬ್ಬರೂ ಪಗಾರಕ್ಕೆ ಕೈ ಚಾಚಲಿಲ್ಲ. ಮೊದಲು ಮೌಶಿಯ ಹೆಸರು ಕೂಗಬೇಕೆಂದು ಕೂತರು. ಮುಕಾದಮ ಎರಡು ಸಲ ಗುತ್ತಿಗೆದಾರನ ಕೋಣೆಗೆ ಹೋಗಿ ಬಂದ. ಆಮೇಲೆ ಎದ್ದು ನಿಂತು, ಅವಳ ಹೆಸರನ್ನು, ಅಪ್ಪನ ಹೆಸರು ಊರಿನ ಹೆಸರು ಸಮೇತ, ಗಟ್ಟಿಯಾಗಿ ಕೂಗಿದ. ಯಾರೂ ಓಗೊಡಲಿಲ್ಲ.

ಅವಳು ಬದುಕಿದ್ದಾಗ ಒಂದೇ ಒಂದು ಸಲ ಹಾಗೆ ಕೂಗಿಸಿದ್ದರೆ ಆ ಗುತ್ತಿಗೆದಾರನ ಗಂಟೇನು ಹೋಗುತ್ತಿತ್ತು?