ಆರು ಪಟ್ಟಿನ ಸ್ಕೋಪು

ಯಾವ ಸಾಮಾನು ಕೊಳ್ಳುವುದಿದ್ದರೂ ಮೊದಲು ಕಂಪ್ಯೂಟರಿನಲ್ಲಿ ಒಂದು ಪಟ್ಟಿ ಮಾಡುವುದು ನನ್ನ ಹಳೆಯ ಚಾಳಿ. ಒಂದು ಕಡೆ ಕಂಪನಿಗಳು, ಇನ್ನೊಂದು ಕಡೆ ಗುಣಗಳು, ಒಂದೊಂದಕ್ಕೂ ಅಂಕ, ಕೊನೆಯಲ್ಲಿ ಒಟ್ಟು. ಕುಕ್ಕರು, ಕಾರು, ಮಗುವಿನ ತೊಟ್ಟಿಲು ಎಲ್ಲವೂ ಈ ಪರೀಕ್ಷೆ ಪಾಸಾಗಿಯೇ ನಮ್ಮ ಮನೆಗೆ ಬಂದವು. ನಿಮ್ಮನ್ನು ಒಪ್ಪುವ ಮೊದಲು ನಾನೂ ಹೀಗೊಂದು ಪಟ್ಟಿ ಮಾಡಬೇಕಿತ್ತು ಎಂದು ನನ್ನ ಹೆಂಡತಿ ಆಗಾಗ ಅನ್ನುತ್ತಾಳೆ. ಬಂದೂಕಿನ ಮೇಲೆ ಕೂರಿಸುವ, ದುರ್ಬೀನಿನಂಥ ಸ್ಕೋಪನ್ನೂ ನಾನು ಹಾಗೆಯೇ ಆರಿಸಿದೆ. ಪಟ್ಟಿಯಲ್ಲಿ ಗೆದ್ದ ಆ ಸ್ಕೋಪು ನನ್ನ ಬಳಿ ಉಳಿಯಲಿಲ್ಲ ಎಂದು ನೆನೆದಾಗಲೆಲ್ಲ ಇವತ್ತಿಗೂ ಎದೆ ಹಗುರಾಗುತ್ತದೆ.

ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷವಾಗಿತ್ತು. ನಾನಾಗ ದೇಶ ಬಿಟ್ಟು ಬಂದು, ಇಲ್ಲಿಯ ಪುಕೆಕೊಹೆ ಎಂಬ ಊರಿನಲ್ಲಿ ಈರುಳ್ಳಿ, ಕ್ಯಾರೆಟ್ ತೊಳೆದು ಚೀಲಕ್ಕೆ ತುಂಬುವ ಒಂದು ಪ್ಯಾಕ್‌ಹೌಸಿನಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರ್. ಊರಾಚೆ ಒಬ್ಬ ತರಕಾರಿ ಬೆಳೆಗಾರರ ಹೊಲದ ಅಂಚಿನಲ್ಲಿದ್ದ ಹಳೆಯ ಮರದ ಮನೆ ನಮಗೆ ಬಾಡಿಗೆಗೆ ಸಿಕ್ಕಿತ್ತು. ಬಾಗಿಲು ತೆಗೆದರೆ ಮಂಡ್ಯದ ಕಡೆಯ ಹಾಗೆ ಕೆಂಪು ಮಣ್ಣು, ಅದರಲ್ಲಿ ಸಾಲು ಸಾಲು ಬ್ರೊಕೊಲಿ. ಬೆಳೆಗಾರರು ಎಪ್ಪತ್ತು ದಾಟಿದ ಬಿಳಿಯರು, ಮಾತು ಕಡಿಮೆ. ನಾವು ಮನೆಯೊಳಗೆ ಅವರನ್ನು ಓನರ್ ತಾತ ಎನ್ನುತ್ತಿದ್ದೆವು. ಅವರ ತಲೆನೋವೆಂದರೆ ಕಾಡುಮೊಲಗಳು. ಹೊತ್ತು ಮುಳುಗುವಾಗಲೂ ಹುಟ್ಟುವಾಗಲೂ ಬಂದು, ಆಗಷ್ಟೇ ನೆಟ್ಟ ಸಸಿಗಳನ್ನು ಬುಡಸಮೇತ ಮುಗಿಸಿಬಿಡುತ್ತಿದ್ದವು. ಮಬ್ಬಿನಲ್ಲಿ ನನಗೀಗ ಕಣ್ಣು ಕಾಣುವುದಿಲ್ಲ, ನೀನು ಲೈಸೆನ್ಸ್ ಮಾಡಿಸಿಕೊಂಡರೆ ನನ್ನ ಹಳೆಯ ಪಾಯಿಂಟ್ ಟೂ-ಟೂ ಬಂದೂಕು ನಿನಗೇ, ಎಂದರು. ಅದರ ಮೇಲಿದ್ದ ಸ್ಕೋಪಿನ ಗಾಜಿಗೆ ಒಳಗೆಲ್ಲ ಬೂಷ್ಟು ಹಿಡಿದಿತ್ತು. ಹೊಸದನ್ನು ನಾನೇ ತರಬೇಕಿತ್ತು.

ಲೈಸೆನ್ಸ್ ಕೊಡುವ ಮೊದಲು ಇಲ್ಲಿ ಪೊಲೀಸರ ಕಡೆಯವರು ಮನೆಗೇ ಬಂದು ವಿಚಾರಿಸುತ್ತಾರೆ. ಅದರಲ್ಲೂ ಹೆಂಡತಿಯನ್ನು ಬೇರೆಯಾಗಿ ಕೂರಿಸಿಕೊಂಡು, ಇವನ ಕೈಗೆ ಬಂದೂಕು ಕೊಡಬಹುದೇ ಎಂದು ಕೇಳುತ್ತಾರೆ. ಬಂದಿದ್ದವರು ಕೇಳಿದ್ದಕ್ಕೆ ನನ್ನವಳು, ಇವರಿಗೆ ಕೋಪ ಬೇಗ ಬಂದು ಬೇಗ ಹೋಗುತ್ತದೆ, ಯಾರ ಮೇಲೂ ಕೈ ಎತ್ತಿದವರಲ್ಲ, ಆದರೆ ಆತುರ ಸ್ವಲ್ಪ ಜಾಸ್ತಿ ಎಂದಳಂತೆ. ಅವರು ಕಾಫಿ ಕುಡಿದು ಹೋದ ಮೇಲೆ ನನ್ನೆದುರು ಬಂದು ನಿಂತಳು.

"ನೋಡಿ, ಹೋದ ತಿಂಗಳು ಸಂಜೆ ಮಬ್ಬಲ್ಲಿ ಮಗೂ ಸೈಕಲ್ ಕಾಣ್ದೆ ಅದ್ರ ಮೇಲೆ ಕಾರು ಹತ್ತಿಸಿದ್ದೀರ. ಆ ಹೊತ್ನಲ್ಲೇ ಈಗ ಬಂದೂಕು ಹಿಡ್ಕೊಂಡು ಹೋಗ್ತೀನಿ ಅಂತೀರ. ಎದುರುಗಡೆ ಇರೋದು ಏನು ಅಂತ ಪೂರ್ತಿ ಕಾಣೋ ತನ್ಕ ಕೈ ಹಾಕಲ್ಲ ಅಂತ ನಂಗೆ ಮಾತು ಕೊಡಿ," ಎಂದಳು.

ನಾನು ಮಾತು ಕೊಟ್ಟೆ. ಮಬ್ಬಿನಲ್ಲಿ ನನ್ನ ಕಣ್ಣು ಅಷ್ಟಕ್ಕಷ್ಟೇ ಎಂದು ನನಗೂ ಗೊತ್ತಿತ್ತು. ಹಾಗಾಗಿ ಆ ಮಾತು ಉಳಿಯುವುದೂ ಬಿಡುವುದೂ ಸ್ಕೋಪಿನ ಕೈಯಲ್ಲಿದೆ ಅನ್ನಿಸಿತು.

ಲೈಸೆನ್ಸ್ ಕೈಗೆ ಬರುವ ಹೊತ್ತಿಗೆ ಮಂಡ್ಯದಿಂದ ಅತ್ತೆ ಬಂದರು, ಮೊಮ್ಮಗಳ ಜೊತೆ ಆರು ತಿಂಗಳಿದ್ದು ಹೋಗಲು. ಬಂದ ಮೂರನೆಯ ದಿನ ಅಡುಗೆಮನೆ ಕಿಟಕಿಯಿಂದ ಹೊಲ ನೋಡುತ್ತಾ, "ಅಳಿಯಂದ್ರೆ, ಎಷ್ಟೊಂದು ಮೊಲ ಓಡಾಡ್ತವೆ ನೋಡಿ. ನಾನು ಮೊಲದ ಸಾರು ಉಂಡು ನಲ್ವತ್ತು ವರ್ಷ ಆಯ್ತು," ಎಂದರು. ಸೋಮವಾರ, ಶನಿವಾರ ಬಿಟ್ಟರೆ ಉಳಿದ ದಿನ ಸೊಗಸಾಗಿ ಉಣ್ಣುವ ಜೀವ ಅದು. ಸೂಟ್‌ಕೇಸಿನಲ್ಲಿ ರಾಗಿಹಿಟ್ಟನ್ನೂ ತಂದಿದ್ದರು. ಅತ್ತೆ ಬಾಯಿಬಿಟ್ಟು ಕೇಳಿದ್ದನ್ನು ಇಲ್ಲವೆನ್ನುವ ಅಳಿಯ ನಾನಲ್ಲ. ಅವತ್ತೇ ಪಟ್ಟಿ ಮಾಡಲು ಕೂತೆ.

ಎರಡು ವಾರ ಇಂಟರ್ನೆಟ್ ಜಾಲಾಡಿದೆ. ಗೆದ್ದದ್ದು ನಾಲ್ಕರಿಂದ ಹದಿನಾರು ಪಟ್ಟು ದೊಡ್ಡದು ಮಾಡಿ ತೋರಿಸುವ ಸ್ಕೋಪು. ಮುಂದುಗಡೆ ದೋಸೆ ಸೌಟಿನಷ್ಟು ಅಗಲದ ಗಾಜು, ಒಳಗೆ ಕೆಂಪಗೆ ಹೊಳೆಯುವ ಗುರಿಯ ಗೆರೆ. ಶನಿವಾರ ಮಧ್ಯಾಹ್ನ ಬಂದೂಕಿನ ಅಂಗಡಿಗೆ ಹೋಗಿ, ಅದನ್ನು ಕಣ್ಣಿಗೆ ಹಿಡಿದು ಬಾಗಿಲಾಚೆ ನೋಡಿದರೆ ದೂರದ ಪೆಟ್ರೋಲ್ ಬಂಕಿನ ಬೋರ್ಡಿನ ಸಣ್ಣ ಅಕ್ಷರಗಳೂ ಓದಲು ಬಂದವು. ಅಂಗಡಿಯಾಕೆ ಅರವತ್ತರ ಹೆಂಗಸು, ಮೂಗಿನ ತುದಿಯಲ್ಲಿ ಕನ್ನಡಕ. ಯಾವ ಹೊತ್ತಿನ ಬೇಟೆಗೆ ಎಂದು ಕೇಳಿದರು. ಮುಂಜಾನೆ, ಮುಸ್ಸಂಜೆ ಎಂದೆ. ಹಾಗಾದರೆ ಈಗ ನೋಡಿ ಪ್ರಯೋಜನವಿಲ್ಲ, ನಡು ಹಗಲಿನಲ್ಲಿ ಯಾವ ಸ್ಕೋಪೂ ಚೆನ್ನಾಗಿಯೇ ಕಾಣುತ್ತದೆ, ಸಂಜೆ ಐದಕ್ಕೆ ಅಂಗಡಿ ಮುಚ್ಚುವಾಗ ಬಾ ಎಂದರು. ನನಗೆ ರೇಗಿತು. ಎರಡು ವಾರ ಓದಿಕೊಂಡು ಬಂದವನಿಗೆ ಈಕೆಯೇನು ಪಾಠ ಹೇಳುವುದು ಎನ್ನಿಸಿ, ಅದನ್ನೇ ಕಟ್ಟಿಸಿಕೊಂಡು ಬಂದುಬಿಟ್ಟೆ.

ಮರುದಿನ ಸಂಜೆ ಓನರ್ ತಾತ ಅದನ್ನು ಪರೀಕ್ಷಿಸಿದರು. ಹೊಲದ ಆಚೆ ತುದಿಯಲ್ಲಿ ಒಂದು ಬಕೆಟ್ಟು, ಒಂದು ಗೋಣಿಚೀಲ, ಒಂದು ಮರದ ತುಂಡು ಇಟ್ಟು ಬಂದು, ಬಂದೂಕಿಗಿನ್ನೂ ಜೋಡಿಸದ ಸ್ಕೋಪನ್ನು ನನ್ನ ಕೈಗೆ ಕೊಟ್ಟು, ಎಡಗಡೆಯದು ಯಾವುದು ಹೇಳು ಎಂದರು. ಹದಿನಾರಕ್ಕೆ ತಿರುಗಿಸಿ ನೋಡಿದೆ. ಬೂದಿ ಕಲಸಿದ ಗಂಜಿಯ ಹಾಗೆ ಏನೋ ಅಲುಗಾಡುತ್ತಿತ್ತು. ಬಕೆಟ್ಟು ಎಂದೆ. ಗೋಣಿಚೀಲವಾಗಿತ್ತು. ತಾತ ಅವನ್ನು ಎತ್ತಿ ತರಲು ಹೊಲದ ಕಡೆ ನಡೆದರು. ಬೈದಿದ್ದರೆ ವಾಸಿಯಿತ್ತು.

ಮಾರನೆಯ ದಿನ ಐದು ಗಂಟೆಗೆ ಸರಿಯಾಗಿ, ತಲೆ ತಗ್ಗಿಸಿಕೊಂಡು ಅಂಗಡಿಯಾಕೆಯ ಮುಂದೆ ನಿಂತೆ. ಆಕೆ ನಗಲಿಲ್ಲ. ಹಿತ್ತಲಿಗೆ ಕರೆದುಕೊಂಡು ಹೋಗಿ ಒಂದು ಮರದ ಸ್ಟ್ಯಾಂಡಿನ ಮೇಲೆ ನಾಲ್ಕು ಸ್ಕೋಪು ಸಾಲಾಗಿ ಇಟ್ಟರು. ಎದುರಿನ ಕಟ್ಟಿಗೆ ರಾಶಿಯ ಮೇಲೆ ಯಾರದೋ ಬೆಕ್ಕು ಮಲಗಿತ್ತು. ಬೆಕ್ಕಿನ ಕಿವಿ ಎಷ್ಟು ಹೊತ್ತು ಕಾಣುತ್ತದೋ ನೋಡುತ್ತಾ ಇರು ಎಂದರು. ಕತ್ತಲಾಗುತ್ತಾ ಬಂದಂತೆ ನನ್ನ ಹದಿನಾರು ಪಟ್ಟಿನ ವೀರ ಮೊದಲು ಸೋತ. ಕೊನೆಯವರೆಗೂ ನಿಂತದ್ದು, ನನ್ನ ಪಟ್ಟಿಯಲ್ಲಿ ಒಂಬತ್ತನೆಯ ಜಾಗದಲ್ಲಿದ್ದ ಒಂದು ಸಾದಾ ಸ್ಕೋಪು. ಆರು ಪಟ್ಟು, ಅಷ್ಟೇ. ತಿರುಗಿಸಲು ಏನೂ ಇಲ್ಲ, ಕೆಂಪು ದೀಪವಿಲ್ಲ. ಅದರಲ್ಲಿ ಬೆಕ್ಕಿನ ಎರಡೂ ಕಿವಿ, ಒಂದು ಕಿವಿಯ ಹರಿದ ತುದಿ ಸಹ ಕಾಣುತ್ತಿತ್ತು.

ಆಕೆ ಒಂದು ರಟ್ಟಿನ ಮೇಲೆ ಲೆಕ್ಕ ಬರೆದು ತೋರಿಸಿದರು. ಮುಂದಿನ ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಬಿಲ್ಲೆಯ ಅಗಲ ಸಿಗುತ್ತದೆ. ನನ್ನದರ ಗಾಜು ಐವತ್ತು ಮಿಲಿಮೀಟರ್, ಹದಿನಾರರಿಂದ ಭಾಗಿಸಿದರೆ ಮೂರು. ಸಾದಾ ಸ್ಕೋಪಿನದು ನಲವತ್ತೆರಡು, ಆರರಿಂದ ಭಾಗಿಸಿದರೆ ಏಳು. ಮಬ್ಬಿನಲ್ಲಿ ಅರಳಿಕೊಂಡು ಕಾಯುವ ಕಣ್ಣಿಗೆ ಮೂರು ಎಲ್ಲಿ ಸಾಲುತ್ತದೆ. ಹದಿನಾರನ್ನು ಕಡಿಮೆ ಮಾಡಿಕೊಂಡರಾಯಿತಲ್ಲ ಎಂದು ಕೊನೆಯ ವಾದ ಹೂಡಿದೆ. ಹದಿನಾರು ಕೊಂಡವರು ಹದಿನಾರರಲ್ಲೇ ಇಟ್ಟಿರುತ್ತಾರೆ ಎಂದರು ಆಕೆ. ಹಿಂದಿನ ಸಂಜೆ ನಾನು ಮಾಡಿದ್ದೂ ಅದನ್ನೇ. ಹನ್ನೆರಡು ಕಾಲಂಗಳ ಪಟ್ಟಿ ಮಾಡಿದ ಎಂಜಿನಿಯರಿಗೆ ಒಂದು ಭಾಗಾಕಾರ ಹೊಳೆದಿರಲಿಲ್ಲ. ಆಕೆ ಹಳೆಯದನ್ನು ವಾಪಸು ತೆಗೆದುಕೊಂಡು ಆರರದನ್ನು ಕೊಟ್ಟರು. ಇದು ಹುಡುಕುವುದಕ್ಕಲ್ಲ, ಹುಡುಕುವುದಕ್ಕೆ ಬೈನಾಕ್ಯುಲರ್ ಬಳಸು, ಮೊಲ ಅಂತ ಗೊತ್ತಾದ ಮೇಲೆ ಮಾತ್ರ ಬಂದೂಕು ಎತ್ತು ಎಂದು ಎರಡು ಸಲ ಹೇಳಿ ಕಳಿಸಿದರು. ಓನರ್ ತಾತನದು ಇನ್ನೊಂದು ನಿಯಮ. ಪ್ರಾಣಿಯ ಮೈ ಪೂರ್ತಿ ಕಾಣುವವರೆಗೂ, ಗುಂಡನ್ನು ನಳಿಕೆಯೊಳಗೆ ತಳ್ಳುವ ಬೋಲ್ಟು ತೆರೆದೇ ಇರಬೇಕು. ಬೋಲ್ಟು ತೆರೆದಿದ್ದರೆ ಗುಂಡು ಹಾರುವುದಿಲ್ಲ.

ಈ ನಡುವೆ ಮನೆಯಲ್ಲಿ ಬೇರೊಂದು ಕತೆ. ಅತ್ತೆಗೆ ಮಂಡ್ಯದಲ್ಲಿ ಬೆಳಕು ಹರಿಯುವ ಮೊದಲೇ ಎದ್ದು ಬೀದಿಯ ಕಾಂಪೌಂಡುಗಳಿಂದ ಪೂಜೆಗೆ ಹೂ ಕಿತ್ತು ತರುವ ಅಭ್ಯಾಸ. ಅಲ್ಲಿ ಎಲ್ಲರ ಮನೆಯ ಹಿರಿಯರೂ ಅದನ್ನೇ ಮಾಡುತ್ತಾರೆ, ದೇವರಿಗೆ ತಾನೆ ಎಂದು ಯಾರೂ ಕಳ್ಳತನ ಎನ್ನುವುದಿಲ್ಲ. ಇಲ್ಲೂ ಶುರುಮಾಡಿಬಿಟ್ಟರು. ಒಂದು ದಿನ ಎದುರುಮನೆಯವರು ಬಂದು, ನಮ್ಮ ಗುಲಾಬಿ ರಾತ್ರಿ ಇದ್ದದ್ದು ಬೆಳಗ್ಗೆ ಇರುವುದಿಲ್ಲವಲ್ಲ, ಗೊತ್ತೇ ಎಂದು ನಗುತ್ತಲೇ ಕೇಳಿದರು. ನನಗೆ ಮೈಯೆಲ್ಲ ಉರಿಯಿತು. ಇದೇನು ನಿಮ್ಮ ಮಂಡ್ಯ ಅಂದುಕೊಂಡಿರಾ ಎಂದು ಅತ್ತೆಯ ಮೇಲೆ ದನಿಯೆತ್ತಿದೆ. ಅವರು ಎದುರಾಡಲಿಲ್ಲ. ಮಾರನೆಯ ದಿನದಿಂದ ದೇವರಿಗೆ ಹತ್ತಿಯ ಗೆಜ್ಜೆವಸ್ತ್ರ ಮಾತ್ರ. ಅವರ ಪೆಚ್ಚುಮುಖ ನೋಡಿ ಬೇಜಾರಾಯಿತು, ಆದರೆ ತಪ್ಪಾಯಿತು ಎನ್ನಲು ನಾಲಗೆ ಹೊರಳಲಿಲ್ಲ. ಚಳಿಗೆ ಕಿವಿ ನೋಯುತ್ತದೆ ಎಂದಿದ್ದರಿಂದ ನನ್ನವಳು ಅವರಿಗೆ ಒಂದು ಟೋಪಿ ತಂದಳು. ಇಲ್ಲಿಯ ಪಾಸಮ್ ಎಂಬ ಪ್ರಾಣಿಯ ಕಂದು ತುಪ್ಪಳದ್ದು, ಎರಡು ಕಡೆ ಕಿವಿ ಮುಚ್ಚುವ ಪಟ್ಟಿ, ಪಟ್ಟಿಯ ತುದಿಯಲ್ಲಿ ಕಟ್ಟಿಕೊಳ್ಳುವ ದಾರ.

ಇಲ್ಲಿ ಜುಲೈ ಎಂದರೆ ನಡು ಚಳಿಗಾಲ. ಆ ತಿಂಗಳ ಒಂದು ಭಾನುವಾರ ಬೆಳಗ್ಗೆ ಬೇಟೆಗೆ ಹೊರಟೆ. ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ ಅಂದುಕೊಂಡೆ, ಇಣುಕಿ ನೋಡಲಿಲ್ಲ. ಶೆಡ್ಡಿನ ಮೂಲೆಯಲ್ಲಿ ಕೂತ ಮೇಲೆ, ಬೈನಾಕ್ಯುಲರ್ ಊಟದ ಮೇಜಿನ ಮೇಲೇ ಉಳಿದದ್ದು ನೆನಪಾಯಿತು. ವಾಪಸು ಹೋಗುವಷ್ಟರಲ್ಲಿ ಹೊತ್ತು ಮೀರುತ್ತದೆ ಎಂದು ಹೋಗಲಿಲ್ಲ. ನನ್ನವಳು ಹೇಳಿದ ಆತುರ ಇದೇ.

ಆಕಾಶ ಬೆಳ್ಳಗಾಗುತ್ತಿತ್ತು, ನೆಲದ ಮೇಲೆ ಇನ್ನೂ ಮಬ್ಬು. ಎಪ್ಪತ್ತು ಹೆಜ್ಜೆ ದೂರದಲ್ಲಿ, ತಾತನ ಕ್ಯಾಮೀಲಿಯಾ ಹೂಗಿಡಗಳ ಬೇಲಿಯ ಬುಡದಲ್ಲಿ, ಬ್ರೊಕೊಲಿ ಎಲೆಗಳ ಮೇಲೆ ಕಂದು ಬೆನ್ನೊಂದು ಎದ್ದಿತು. ಕೆಳಗಿಳಿಯಿತು. ಮತ್ತೆ ಎದ್ದಾಗ ಎರಡು ಕಿವಿ ನೆಟ್ಟಗಿದ್ದವು. ನಿಜ ಹೇಳುತ್ತೇನೆ, ಬಾಯಲ್ಲಿ ನೀರೂರಿತು. ಮುದ್ದೆಯ ವಾಸನೆಯೇ ಮೂಗಿಗೆ ಬಂದಂತಾಯಿತು. ಬಂದೂಕು ಎತ್ತಿ ಸ್ಕೋಪಿಗೆ ಕಣ್ಣಿಟ್ಟೆ. ಎತ್ತಬಾರದಿತ್ತು. ಬೋಲ್ಟು ತೆರೆದಿತ್ತು, ಅದೊಂದು ಮಾತು ಉಳಿಸಿಕೊಂಡಿದ್ದೆ. ತುಪ್ಪಳ ಕಂಡಿತು. ಕಿವಿ ಕಂಡಿತು. ಕೈ ಬೋಲ್ಟಿನ ಮೇಲೆ ಹೋಯಿತು.

ಆಗ ಕಿವಿಯ ತುದಿಯಲ್ಲಿ ದಾರ ಕಂಡಿತು. ಹೆಣೆದ ದಾರ, ತುದಿಗೆ ಒಂದು ಗಂಟು. ಮೊಲದ ಕಿವಿಗೆ ಯಾರು ದಾರ ಕಟ್ಟುತ್ತಾರೆ ಎಂದು ಬುದ್ಧಿಗೆ ಹೊಳೆಯುವಷ್ಟರಲ್ಲಿ, ಅದರ ಪಕ್ಕದಲ್ಲೇ ಒಂದು ಕೈ ಮೇಲೆದ್ದಿತು. ಕೈತುಂಬ ಗಾಜಿನ ಬಳೆ, ಬೆರಳಲ್ಲಿ ಒಂದು ಬಿಳಿ ಹೂ.

ಬಂದೂಕು ಕೆಳಗಿಳಿಸಿ, ಗುಂಡು ತುಂಬಿದ ಮ್ಯಾಗಜೀನ್ ಕಿತ್ತು ಜೇಬಿಗೆ ಹಾಕಿ, ಕೆಸರಿನಲ್ಲೇ ಕುಸಿದು ಕೂತೆ. ಏನೂ ಆಗಿಲ್ಲ, ಏನೂ ಆಗಿಲ್ಲ ಎಂದು ಬಾಯಿಬಿಟ್ಟು ಹೇಳಿಕೊಂಡೆ. ಕಣ್ಣಲ್ಲಿ ನೀರು ಬಂತು, ಅದರ ಹಿಂದೆಯೇ ಹುಚ್ಚನ ಹಾಗೆ ನಗುವೂ ಬಂತು. ಅಷ್ಟು ದೊಡ್ಡ ಸಮಾಧಾನವನ್ನು ನಾನು ಅದಕ್ಕೆ ಮೊದಲು ಕಂಡಿಲ್ಲ, ನನ್ನ ಮಗಳು ಹುಟ್ಟಿದ ದಿನವೂ ಇಲ್ಲ. ಆ ಹದಿನಾರು ಪಟ್ಟಿನದು ಇದ್ದಿದ್ದರೆ ಗಂಜಿಯೊಳಗೆ ತುಪ್ಪಳವೂ, ಕಟ್ಟದೆ ಮೇಲಕ್ಕೆ ಮಡಚಿದ್ದರಿಂದ ಕಿವಿಯ ಹಾಗೆ ನಿಂತಿದ್ದ ಟೋಪಿಯ ಎರಡು ಪಟ್ಟಿಯೂ ಕಾಣುತ್ತಿದ್ದವು, ದಾರ ಕಾಣುತ್ತಿರಲಿಲ್ಲ. ಆದರೆ ಸ್ಕೋಪನ್ನೇ ಹೊಗಳಿ ಸುಮ್ಮನಾಗುವುದು ಸರಿಯಲ್ಲ. ಅತ್ತೆ ಬೆಳಕಾಗುವ ಮೊದಲು ಕದ್ದು ಬಂದು, ಬೇಲಿಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಹೂ ಆಯುವ ಹಾಗೆ ಮಾಡಿದ್ದು ನನ್ನ ಬಾಯಿ.

ಹತ್ತಿರ ಹೋದಾಗ ಐಸ್‌ಕ್ರೀಮ್ ಡಬ್ಬಿಯ ತುಂಬ ಹೂ ಇಟ್ಟುಕೊಂಡು ಬೆಚ್ಚಿ ಎದ್ದು ನಿಂತರು. ನಾನು ಮತ್ತೆ ಬೈಯುತ್ತೇನೆಂದು ಹೆದರಿದ್ದರು.

"ಉದುರಿರೋವನ್ನೇ ಆಯ್ಕೊಂಡಿದ್ದು, ಅಳಿಯಂದ್ರೆ. ಇವೆರಡು ಮಾತ್ರ ಕಿತ್ತೆ. ಇವತ್ತು ಅವ್ವನ ತಿಥಿ, ಬರೀ ಹತ್ತೀಲಿ ಹೆಂಗೆ ಪೂಜೆ ಮಾಡ್ಲಿ?" ಎಂದರು.

ಬಂದೂಕನ್ನು ದೂರದ ಬೇಲಿಗಂಬಕ್ಕೆ ಒರಗಿಸಿ ಬಂದು, ಅವರ ಪಕ್ಕದಲ್ಲಿ ಕೂತು ಹೂ ಆಯ್ದೆ. ತಪ್ಪಾಯ್ತು ಅತ್ತೆ ಎಂದೆ. ಹೂವಿನ ವಿಷಯಕ್ಕೆ ಎಂದು ಅವರು ತಿಳಿದರು, ಹೋಗ್ಲಿ ಬಿಡಿ ಎಂದು ನಕ್ಕರು. ಉಳಿದದ್ದನ್ನು ಅವರಿಗೆ ನಾನು ಇವತ್ತಿಗೂ ಹೇಳಿಲ್ಲ.

ಹೆಂಡತಿಗೆ ಮಾತ್ರ ಅವತ್ತೇ ಎಲ್ಲ ಹೇಳಿದೆ. ಅವಳು ಬೈನಾಕ್ಯುಲರ್ ತಂದು ಅದರ ಪಟ್ಟಿಯನ್ನು ನನ್ನ ಕೊರಳಿಗೆ ಹಾಕಿ, ಅಲ್ಲೇ ಭುಜಕ್ಕೆ ತಲೆಯಿಟ್ಟು ಅತ್ತಳು. ಓನರ್ ತಾತನಿಗೂ ಹೇಳಿದೆ. ಅವರು ಒಂದು ತಿಂಗಳು ಬಂದೂಕನ್ನು ತಮ್ಮ ಕಪಾಟಿನಲ್ಲೇ ಬೀಗ ಹಾಕಿಟ್ಟರು, ಮತ್ತು ದಿನಾ ಬೆಳಗ್ಗೆ ನಮ್ಮ ಮೆಟ್ಟಿಲ ಮೇಲೆ ಒಂದು ಬಕೆಟ್ ಕ್ಯಾಮೀಲಿಯಾ ತಂದಿಡತೊಡಗಿದರು. ಮೊಲದ ಸಾರು ಆದದ್ದು ಸೆಪ್ಟೆಂಬರಿನಲ್ಲಿ, ಅದೂ ಅತ್ತೆ ಅಡುಗೆಮನೆ ಕಿಟಕಿಯಲ್ಲಿ ನಿಂತಿದ್ದಾರೆಂದು ಮೂರು ಸಲ ನೋಡಿಕೊಂಡ ಮೇಲೆ.

ಹೂ ಆಯ್ದ ಆ ಭಾನುವಾರದ ಮರುದಿನವೇ ನಾನು ಅದೇ ಅಂಗಡಿಗೆ ಹೋಗಿ, ಬೇಟೆಗಾರರು ಒಬ್ಬರಿಗೊಬ್ಬರು ಕಾಣಲೆಂದು ಹಾಕಿಕೊಳ್ಳುವ ಕಿತ್ತಳೆ ಬಣ್ಣದ ಉಣ್ಣೆ ಟೋಪಿ ತಂದಿದ್ದೆ. ಪಟ್ಟಿ ಮಾಡಲಿಲ್ಲ, ಇದ್ದುದರಲ್ಲಿ ಅತಿ ಹೆಚ್ಚು ಕಣ್ಣು ಕುಕ್ಕುವುದನ್ನು ಎತ್ತಿಕೊಂಡೆ. ಅಳಿಯ ತಾನಾಗಿ ತಂದುಕೊಟ್ಟ ಮೊದಲ ಉಡುಗೊರೆ ಎಂದು ಅತ್ತೆ ಅದನ್ನು ತಲೆಯಿಂದ ಇಳಿಸಲಿಲ್ಲ, ಮಂಡ್ಯಕ್ಕೂ ಹಾಕಿಕೊಂಡೇ ಹೋದರು. ಆ ಡಿಸೆಂಬರಿನ ಚಳಿಯಲ್ಲಿ ಒಂದು ದಿನ ಅವರ ಫೋನು ಬಂತು.

"ಅಳಿಯಂದ್ರೆ, ನಿಮ್ಮ ಟೋಪಿಯಿಂದ ನಂಗೆ ಒಂದು ಹೂವೂ ಸಿಕ್ತಿಲ್ಲ. ಬೀದಿ ತುದೀಲಿರೋವಾಗ್ಲೇ ಎಲ್ರಿಗೂ ಕಂಡುಬಿಡ್ತೀನಿ," ಎಂದು ದೂರಿದರು.

"ಕಾಣ್ಲಿ ಬಿಡಿ, ಅತ್ತೆ," ಎಂದೆ. ಫೋನನ್ನು ಹೆಂಡತಿಯ ಕೈಗೆ ಕೊಟ್ಟೆ.