ಒಳಗೇ ಉಳಿದ ಮೈನಸ್

ನನ್ನ ತಂಗಿಯ ಅಳಿಯನಿಗೆ ಅವನ ಆಫೀಸಿನವರು ಶಿಲ್ಪಿ ಎಂದು ಹೆಸರಿಟ್ಟಿದ್ದಾರೆ. ಅವರು ಅದನ್ನು ಯಾವ ದನಿಯಲ್ಲಿ ಹೇಳುತ್ತಾರೆಂಬುದು ಅವನ ಕಿವಿಗೆ ಈವರೆಗೆ ಬಿದ್ದಿಲ್ಲ. ಬಿರುದೆಂದೇ ನಂಬಿ ಓಡಾಡಿಕೊಂಡಿದ್ದಾನೆ.

ಕನ್ನಡಕದ ಗಾಜು ತಯಾರಿಸುವ ಒಂದು ಕಾರ್ಖಾನೆಗೆ ಪ್ರೋಗ್ರಾಂ ಬರೆಯುವುದು ಅವನ ಕೆಲಸ. ಕೆಳಗಿನ ಅಂತಸ್ತಿನಲ್ಲಿ ಗಾಜು ಉಜ್ಜುವ ಯಂತ್ರಗಳು, ಸದಾ ಒದ್ದೆಯಾಗಿರುವ ನೆಲ, ಬಿಳಿ ಕೆಸರು ತುಂಬಿದ ಬಕೆಟ್ಟುಗಳು. ಮೇಲಿನ ಕೋಣೆಯಲ್ಲಿ ತಿರುಗುವ ಕುರ್ಚಿ, ಅದರಲ್ಲಿ ಇವನು. ಮೆಟ್ಟಿಲಿಳಿದರೆ ಬೂಟು ಹಾಳಾಗುತ್ತದೆಂದು ಇವನು ಕೆಳಗೆ ಕಾಲಿಡುವುದಿಲ್ಲ.

ಪ್ರೋಗ್ರಾಂ ಭಾಷೆಗಳಲ್ಲಿ ಮೊದಲಿನಿಂದಲೇ ಕೆಲವು ಸಾದಾ ಟೈಪುಗಳು, ಅಂದರೆ ಮಾಹಿತಿಯ ಬಗೆಗಳು, ಇರುತ್ತವೆ: ಸಂಖ್ಯೆ, ಅಕ್ಷರಗಳ ಸಾಲು, ಹೌದು-ಇಲ್ಲ. ಅವು ಸಾಲದಿದ್ದರೆ ನಮ್ಮದೇ ಟೈಪೊಂದನ್ನು ಕಟ್ಟಿಕೊಳ್ಳಬಹುದು. ಅದರಲ್ಲಿ ತಪ್ಪೇನಿಲ್ಲ. ಆದರೆ ಹೊರಗಿನ ಯಂತ್ರಕ್ಕೆ ಸಾದಾ ಟೈಪು ಮಾತ್ರ ತಿಳಿಯುವುದರಿಂದ, ನಾವು ಕಟ್ಟಿದ್ದನ್ನು ಮತ್ತೆ ಸಾದಾ ಟೈಪಿಗೆ ಇಳಿಸುವ ಪರಿವರ್ತನೆಯನ್ನೂ ನಾವೇ ಬರೆಯಬೇಕು. ಶಿಲ್ಪಿಗೆ ಕಟ್ಟುವುದೆಂದರೆ ಪ್ರಾಣ, ಇಳಿಸುವುದೆಂದರೆ ತಾತ್ಸಾರ.

ಮನೆಯಲ್ಲೂ ಅಷ್ಟೇ. "ಸಂಜೆ ತರಕಾರಿ ತರ್ತೀರಾ?" ಎಂದು ಹೆಂಡತಿ ಕೇಳಿದರೆ ತರುವುದರ ಷರತ್ತುಗಳು, ತಾರದಿರುವುದರ ಸಾಧ್ಯತೆಗಳು ಎಲ್ಲವೂ ಹೊರಬರುತ್ತಿದ್ದವು. ತರಕಾರಿ ಬರುತ್ತಿರಲಿಲ್ಲ. ಹೀಗೆ ಮಾತಾಡಿಯೇ ಮೂರು ಕಡೆ ಕೆಲಸ ಕಳೆದುಕೊಂಡಿದ್ದ. ಈಗಿನದು ಎಷ್ಟು ದಿನವೋ ಯಾರಿಗೂ ಭರವಸೆಯಿರಲಿಲ್ಲ. ಅದಕ್ಕೇ ಅವನ ಹೆಂಡತಿ, ಅಂದರೆ ನನ್ನ ತಂಗಿಯ ಮಗಳು, ನಕ್ಷೆಗಳನ್ನು ಅಚ್ಚು ಹಾಕುವ ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸಕ್ಕೆ ಅರ್ಜಿ ಹಾಕಿದಳು. ಪರೀಕ್ಷೆಗೆ ಕರೆ ಬಂತು. ಈ ಕೆಲಸ ಸಿಕ್ಕಿದರೆ ಮನೆ ನಿಲ್ಲುತ್ತದೆ, ಸಿಗದಿದ್ದರೆ ಶಿಲ್ಪಿಯನ್ನೇ ನೆಚ್ಚಿಕೊಂಡಿರಬೇಕು. ಎರಡನೆಯದರ ಅರ್ಥ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವಳಿಗೆ ದೂರದ್ದು ಕಾಣದು. ಎರಡೂ ಕಣ್ಣಿಗೆ ಮೈನಸ್ ಆರು. ಹಳೆಯ ಗಾಜಿನ ತುಂಬ ಗೀರುಗಳಾಗಿದ್ದವು.

"ಫ್ರೇಮ್ ಕೊಡು, ಹೊಸ ಗಾಜು ಹಾಕಿಸ್ಕೊಂಡು ಬರ್ತೀನಿ. ನನ್ನ ಹೊಸ ಸಿಸ್ಟಮ್ಮಲ್ಲಿ ಆಚೆ ಬರೋ ಮೊದಲನೇ ಕನ್ನಡಕ ನಿಂದೇ ಆಗ್ಲಿ" ಎಂದ ಶಿಲ್ಪಿ.

"ಎರಡನೇದು ಆದ್ರೂ ಪರವಾಗಿಲ್ಲ ಕಣ್ರೀ" ಎಂದಳು ಅವಳು. ಆದರೂ ಕೊಟ್ಟಳು.

ಪರೀಕ್ಷೆಯ ಬೆಳಿಗ್ಗೆ ನಾನು ಅವರ ಮನೆಯಲ್ಲಿದ್ದೆ. ಹಿಂದಿನ ಸಂಜೆಯಷ್ಟೇ ಬಂದಿದ್ದ ಕನ್ನಡಕವನ್ನು ಅವಳು ಹಾಕುತ್ತಿದ್ದಳು, ತೆಗೆಯುತ್ತಿದ್ದಳು, ಸೆರಗಿನಿಂದ ಒರೆಸಿ ಮತ್ತೆ ಹಾಕುತ್ತಿದ್ದಳು.

"ದೊಡ್ಡಮ್ಮ, ಬರೀ ಮಂಜು. ಬಾಗಿಲು ಎಲ್ಲಿದೆ ಅಂತಾನೇ ಗೊತ್ತಾಗ್ತಿಲ್ಲ. ಇವರು ನೋಡಿದ್ರೆ ಕಣ್ಣು ಹೊಂದಿಕೊಳ್ಳಬೇಕು ಅಂತಾರೆ."

ನಾನು ಕನ್ನಡಕವನ್ನು ಇಸಿದುಕೊಂಡು ಪತ್ರಿಕೆಯ ಮೇಲೆ ಹಿಡಿದೆ. ಅವಳ ಹಳೆಯ ಗಾಜಿನಲ್ಲಿ ಅಕ್ಷರಗಳು ಕುಗ್ಗಿ ಕಾಣುತ್ತಿದ್ದವು. ಇದರಲ್ಲಿ ಊದಿಕೊಂಡವು. ಹೆಬ್ಬೆರಳಿನಿಂದ ಸವರಿದರೆ ನಡುವೆ ಉಬ್ಬಿತ್ತು. ಮೈನಸ್ ಆರಿನ ಜಾಗದಲ್ಲಿ ಪ್ಲಸ್ ಆರು.

ಶಿಲ್ಪಿ ಕಾಫಿ ಕುಡಿಯುತ್ತಿದ್ದ. ಲೋಟವನ್ನು ಕೆಳಗಿಡದೆಯೇ ನನ್ನ ಮಾತು ಕೇಳಿದ.

"ನನ್ನ ಟೈಪ್ ಸರಿಯಾಗಿದೆ ದೊಡ್ಡಮ್ಮ. ಅದಕ್ಕೆ ನೋಟ ಅಂತ ಹೆಸರಿಟ್ಟಿದೀನಿ. ಅದರೊಳಗೆ ಪವರ್ ಒಂದು ಸಂಖ್ಯೆ. ದೂರದ ದೋಷಾನೋ ಹತ್ತಿರದ್ದೋ ಅನ್ನೋದು ಬೇರೆ ಟೈಪು. ಮೈನಸ್ಸು ಪ್ಲಸ್ಸು ಎಲ್ಲಾ ಹಳೇ ಕಾಲದ ಪದ್ಧತಿ."

"ಯಂತ್ರಕ್ಕೆ ಏನು ಹೋಯ್ತು?"

"ಯಂತ್ರ ಬರೀ ಸಂಖ್ಯೆ ಕೇಳತ್ತೆ. ಪರಿವರ್ತನೆ ಬರೆದಿದೀನಲ್ಲ, ನೋಟವನ್ನ ಸಂಖ್ಯೆಗೆ ಇಳಿಸಿದ್ರೆ ಪವರ್ ಸಿಗತ್ತೆ. ಆರು ಹೋಯ್ತು."

"ಮೈನಸ್ ಎಲ್ಲಿ ಹೋಯ್ತಪ್ಪಾ?"

"ಎಲ್ಲೂ ಹೋಗಿಲ್ಲ. ಒಳಗೇ ಭದ್ರವಾಗಿದೆ."

"ನಿನ್ನ ಟೈಪಿನ ಹೊಟ್ಟೇಲಿ ಭದ್ರವಾಗಿದ್ರೆ ಇವಳ ಕಣ್ಣಿಗೆ ಏನಾಯ್ತು? ಬರೆದಮೇಲೆ ಪರೀಕ್ಷೆ ಮಾಡಿ ನೋಡಲಿಲ್ವಾ?"

"ಮಾಡ್ದೆ. ನನ್ನ ಕನ್ನಡಕದ ನಂಬರನ್ನೇ ಹಾಕಿ ನೋಡ್ದೆ. ಪಕ್ಕಾ ಬಂತು."

ಅವನದು ಓದುವ ಕನ್ನಡಕ, ಪ್ಲಸ್ ಎರಡು. ಅಳಿಸಿಹೋಗುವುದಕ್ಕೆ ಅದರಲ್ಲಿ ಮೈನಸ್ ಇರಲೇ ಇಲ್ಲ. ಊರಿನ ಕಣ್ಣುಗಳಿಗೆಲ್ಲ ಗಾಜು ಹಾಕಹೊರಟವನಿಗೆ ತನ್ನ ಎರಡು ಕಣ್ಣುಗಳ ಆಚೆ ಮೂರನೆಯದು ಹೊಳೆಯಲಿಲ್ಲ. ಕೆಳಗೆ ಗಾಜು ಉಜ್ಜುವವನೂ ಕಡಿಮೆಯವನಲ್ಲ. ಹಳೆಯ ಫ್ರೇಮಿನಿಂದ ಅಂಚು ದಪ್ಪಗಿರುವ ಗಾಜನ್ನು ತನ್ನ ಕೈಯಾರೆ ತೆಗೆದು ಬುಟ್ಟಿಗೆಸೆದು, ನಡು ದಪ್ಪಗಿರುವ ಗಾಜನ್ನು ಕೂರಿಸಿದ್ದಾನೆ. ಆಮೇಲೆ ವಿಚಾರಿಸಿದಾಗ, "ಕಂಪ್ಯೂಟರ್ ಹೇಳಿದ್ಮೇಲೆ ನಾನ್ಯಾಕೆ ಬಾಯಿ ಹಾಕ್ಲಿ" ಎಂದನಂತೆ. ಮೇಲಿದ್ದವನಿಗೆ ಕೆಳಗಿದ್ದವನು ತಕ್ಕ ಜೋಡಿ.

ಅವಳು ಗಂಡನ ಎದುರು ಬಂದು ನಿಂತಳು. ಅಷ್ಟು ಹತ್ತಿರ ನಿಂತರೇ ಅವಳಿಗೆ ಮುಖ ಕಾಣುವುದು.

"ಒಂದೇ ಮಾತು ಕೇಳ್ತೀನಿ. ತಪ್ಪಾಗಿದೆಯಾ, ಇಲ್ವಾ?"

"ನೋಡು, ಅದನ್ನ ಹಾಗೆ ಹೌದು ಇಲ್ಲ ಅಂತ ಇಳಿಸೋಕಾಗಲ್ಲ. ವಿನ್ಯಾಸದ ದೃಷ್ಟಿಯಿಂದ..."

"ಬೇಡ ಬಿಡಿ. ದೊಡ್ಡಮ್ಮ, ಬಸ್ ಬೋರ್ಡ್ ಓದೋಕೆ ನೀನು ಬಾ."

ಹೊರಟೆವು. ಅವಳು ನನ್ನ ತೋಳು ಹಿಡಿದು ಮೆಟ್ಟಿಲಿಳಿದಳು. ಬಸ್ಸಿನಲ್ಲಿ ಅಳಲಿಲ್ಲ, ಬೈಯಲೂ ಇಲ್ಲ. "ಗೋಡೆ ಮೇಲೆ ನಕ್ಷೆ ನೇತುಹಾಕಿ ಓದು ಅಂದ್ರೆ ಏನ್ ಮಾಡ್ಲಿ?" ಎಂದು ಒಮ್ಮೆ ಕೇಳಿದಳು.

"ಇಳಿಸಿ ಕೈಗೆ ಕೊಡಿ ಅನ್ನು" ಎಂದೆ.

ಮುದ್ರಣಾಲಯದ ಉದ್ದನೆಯ ಕೋಣೆಯಲ್ಲಿ ಶಾಯಿಯ ವಾಸನೆ. ಮುಖ್ಯಸ್ಥೆ ನನ್ನನ್ನು ಬಾಗಿಲ ಬಳಿಯ ಬೆಂಚಿನಲ್ಲಿ ಕೂರಿಸಿ, ಇವಳ ಮುಂದಿನ ಮೇಜಿನ ಮೇಲೆ ನಕ್ಷೆಯನ್ನು ಹಾಸಿದಳು. ಗೋಡೆಯ ಮಾತೇ ಬರಲಿಲ್ಲ. ನಮ್ಮ ಹುಡುಗಿ ಆ ಕನ್ನಡಕವನ್ನು ತೆಗೆದು ಪಕ್ಕಕ್ಕಿಟ್ಟು, ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿದಳು. ದೂರ ಕಾಣದ ಕಣ್ಣಿಗೆ ಹತ್ತಿರದ್ದು ಬರಿಗಣ್ಣಲ್ಲೇ ಕಾಣುತ್ತದೆ. ಹೊಳೆಗಳನ್ನೂ ಹಳ್ಳಿಗಳನ್ನೂ ಮೂಗಿನಿಂದಲೇ ದಾಟುತ್ತ ಒಂದು ತುದಿಯಿಂದ ಇನ್ನೊಂದಕ್ಕೆ ಹೋದಳು.

"ಏನಮ್ಮಾ, ಓದ್ತಿದೀಯೋ ಮೂಸ್ತಿದೀಯೋ?" ಎಂದಳು ಮುಖ್ಯಸ್ಥೆ.

"ಇಲ್ಲೊಂದು ಊರು ಎರಡು ಸಲ ಅಚ್ಚಾಗಿದೆ ಮೇಡಂ. ಆಮೇಲೆ ಈ ಹೊಳೆ ಗುಡ್ಡ ಹತ್ತಿದೆ."

ಮುಖ್ಯಸ್ಥೆ ನೋಡಿದಳು. ಎರಡನೆಯ ತಪ್ಪನ್ನು ಅವಳು ಪರೀಕ್ಷೆಗೆಂದು ಇಟ್ಟದ್ದಲ್ಲವಂತೆ. ಒಂದನೇ ತಾರೀಖಿನಿಂದ ಬರಲು ಹೇಳಿದಳು.

ಮನೆಗೆ ಬಂದಾಗ ಶಿಲ್ಪಿ ಕೆಲಸಕ್ಕೆ ಹೋಗದೆ ಕೂತಿದ್ದ.

"ಏನಾಯ್ತು?"

"ಸಿಕ್ತು."

"ನೋಡಿದ್ಯಾ, ಕನ್ನಡಕದಿಂದ ಏನೂ ತೊಂದರೆ ಆಗ್ಲಿಲ್ಲ" ಎಂದ.

ಅವಳು ಅವನತ್ತ ನೋಡಲಿಲ್ಲ. ನೋಡಿದ್ದರೂ ಅವಳಿಗೆ ಕಾಣುತ್ತಿದ್ದುದು ಒಂದು ಮಸುಕು ಅಷ್ಟೇ.

ಪರಿವರ್ತನೆಯನ್ನು ಸರಿಪಡಿಸಲು ಒಂದೇ ಸಾಲು ಸಾಕಿತ್ತು. ಶಿಲ್ಪಿ ಅದಕ್ಕೆಂದು ಹೊಸದೊಂದು ಟೈಪು ಕಟ್ಟಿ, ಸುಧಾರಣೆ ಎಂದು ಹೆಸರಿಟ್ಟು, ಕಾರ್ಖಾನೆಯಲ್ಲಿ ಎಲ್ಲರನ್ನೂ ಕೂರಿಸಿ ವಿವರಿಸಿದ. ಚಪ್ಪಾಳೆ ತಟ್ಟಿದರಂತೆ. ಆ ಚಪ್ಪಾಳೆಯ ದನಿಯೂ ಅವನ ಕಿವಿಗೆ ಬಿದ್ದಿರಲಾರದು.

ಅವಳು ಮಾತ್ರ ಫ್ರೇಮನ್ನು ಎದುರು ಬೀದಿಯ ಸಣ್ಣ ಅಂಗಡಿಗೆ ಕೊಟ್ಟಳು. ಅಂಗಡಿಯವನು ಚೀಟಿಯ ಮೇಲೆ ಸಂಖ್ಯೆ ಗೀಚಿ ಪೆನ್ನು ಮುಚ್ಚಹೊರಟಾಗ, ಅವಳು ಚೀಟಿಯನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು.

"ಮೈನಸ್ ಸ್ವಲ್ಪ ದಪ್ಪಗೆ ಹಾಕಿ" ಎಂದಳು.